ತೆವಳುವ ಮಗುವಿನ ಉಸಿರಾಟದ ಎತ್ತರ

ಮಾಲಿನ್ಯ ನಿಯಂತ್ರಣ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನಮ್ಮ ಬೀದಿಯ ನೆಲದೊಳಗಿಂದ ಪೆಟ್ರೋಲಿನ ಆವಿಯನ್ನು ಹೀರಿ ತೆಗೆಯುತ್ತಿದ್ದ ಯಂತ್ರವನ್ನು ನೀವು ನಿಲ್ಲಿಸಿದ್ದೀರಿ. ಜಾಗ ಶುದ್ಧವಾಗಿದೆ ಎಂದು ಬೋರ್ಡನ್ನೂ ಹಾಕಿಸಿದ್ದೀರಿ. ಆ ಬೋರ್ಡಿನ ಪಕ್ಕದ ಮನೆ ನಮ್ಮದು. ನಮ್ಮ ಕೆಳಕೋಣೆಯಲ್ಲಿ ಮತ್ತೆ ಪೆಟ್ರೋಲಿನ ವಾಸನೆ ಬರುತ್ತಿದೆ, ಮತ್ತು ನನಗೆ ಭಯವಾಗುತ್ತಿದೆ. ಮಾತಿಗೆ ಹೇಳುವ ಭಯವಲ್ಲ ಇದು. ಬೆಂಕಿಕಡ್ಡಿ ಗೀರಲು ಭಯ, ಲೈಟಿನ ಸ್ವಿಚ್ಚು ಒತ್ತಲು ಭಯ, ಕಿಟಕಿ ಮುಚ್ಚಲು ಭಯ, ಮಗುವನ್ನು ನೆಲಕ್ಕೆ ಬಿಡಲು ಭಯ. ಇದನ್ನೇ ನಿಮ್ಮ ಕಚೇರಿಗೆ ಬಂದು ಹೇಳಿದಾಗ ತಾವು ನಕ್ಕಿರಿ. ಆದ್ದರಿಂದ ಈಗ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ. ಒಬ್ಬಳ ಮುಂದೆ ನಗುವಷ್ಟು ಸುಲಭವಾಗಿ ನಾಲ್ಕು ಜನರ ಮುಂದೆ ನಗಲಾಗುವುದಿಲ್ಲ ಎಂಬ ಆಸೆ ನನ್ನದು.

ನಾನು ಸೋಫಾ, ಕುರ್ಚಿಗಳಿಗೆ ಹೊದಿಕೆ ಹೊಲಿಯುವವಳು. ನನ್ನ ಗಂಡನ ಅಕ್ಕ, ಅಂದರೆ ನನ್ನ ಅತ್ತಿಗೆ, ಈ ಕೆಲಸ ನನಗೆ ಕಲಿಸಿದವರು. ಬಟ್ಟೆ ಕತ್ತರಿಸುವುದು ಅವರು, ಹೊಲಿಯುವುದು ನಾನು, ಸ್ಪಂಜು ತುಂಬಿ ಮೊಳೆ ಹೊಡೆಯುವುದು ಇಬ್ಬರೂ. ನನ್ನ ಗಂಡ ಲಿಫ್ಟ್ ರಿಪೇರಿ ಕೆಲಸಕ್ಕೆ ಹೋಗುತ್ತಾರೆ. ನಮ್ಮ ಮನೆಯ ಮುಂದಿನ ಕೋಣೆ ಬೀದಿಯ ಮಟ್ಟದಲ್ಲಿದೆ. ಅಲ್ಲಿಂದ ಕೆಲವು ಮೆಟ್ಟಿಲಿಳಿದರೆ ಕೆಳಕೋಣೆ. ಅದರ ಅರ್ಧ ನೆಲದೊಳಗೆ, ಅರ್ಧ ಮೇಲೆ. ಅದರ ಒಂದೇ ಕಿಟಕಿ ಬೀದಿಯಲ್ಲಿ ಓಡಾಡುವವರ ಪಾದಗಳ ಎತ್ತರಕ್ಕೆ ತೆರೆಯುತ್ತದೆ. ಚಪ್ಪಲಿ ನೋಡಿ ಯಾರು ಬಂದರೆಂದು ಹೇಳುವುದರಲ್ಲಿ ಅತ್ತಿಗೆಯನ್ನು ಮೀರಿಸುವವರಿಲ್ಲ. ಆ ಕೋಣೆಯೇ ನಮ್ಮ ಕಾರ್ಖಾನೆ.

ಬೀದಿಯ ಮೂಲೆಯಲ್ಲಿ, ನಮ್ಮ ಗೋಡೆಗೆ ತಾಗಿ ಹಿಂದೊಂದು ಪೆಟ್ರೋಲ್ ಬಂಕ್ ಇತ್ತು. ಮಾಲೀಕರು ಅದನ್ನು ಮುಚ್ಚಿ ಎಲ್ಲಿಗೋ ಹೋದರು. ಮೇಲಿದ್ದ ಪಂಪುಗಳನ್ನು ಕಿತ್ತುಕೊಂಡು ಹೋದರು, ಕೆಳಗಿದ್ದ ಟ್ಯಾಂಕುಗಳನ್ನು ಹಾಗೇ ಬಿಟ್ಟರು. ಕಣ್ಣಿಗೆ ಕಾಣದ್ದನ್ನು ಕೀಳಿಸುವ ಉಸಾಬರಿ ಯಾರಿಗೂ ಬೇಕಿರಲಿಲ್ಲ, ನಿಮ್ಮ ಕಚೇರಿಗೂ. ಟ್ಯಾಂಕುಗಳು ತುಕ್ಕು ಹಿಡಿದು ತೂತಾಗಿ, ಒಳಗಿದ್ದದ್ದೆಲ್ಲ ಮಣ್ಣಿಗಿಳಿಯಿತು. ನಮಗೆ ಆಗಾಗ ಸಣ್ಣಗೆ ವಾಸನೆ ಬರುತ್ತಿತ್ತು. ಯಾರದೋ ಗಾಡಿಯದ್ದಿರಬೇಕು ಎಂದು ಸುಮ್ಮನಾಗುತ್ತಿದ್ದೆವು.

ನಾನು ಬಸುರಿಯಾಗಿದ್ದಾಗಿನ ಒಂದು ಬೆಳಿಗ್ಗೆ. ಚಳಿಗಾಲ, ಕೆಳಕೋಣೆಯ ಕಿಟಕಿ ಮುಚ್ಚಿತ್ತು. ನೈಲಾನ್ ದಾರದ ತುದಿ ಬಿಚ್ಚಿಕೊಳ್ಳದಿರಲೆಂದು ನಾವದನ್ನು ಮೇಣದಬತ್ತಿಯ ಉರಿಗೆ ಹಿಡಿದು ಒತ್ತುತ್ತೇವೆ. ಅತ್ತಿಗೆ ಆ ಕೆಲಸಕ್ಕೆಂದು ಮೊದಲು ಇಳಿದರು. ನಾನು ಹಿಂದೆಯೇ ಮೆಟ್ಟಿಲ ಮೇಲಿದ್ದೆ, ಹೊಟ್ಟೆ ಹೊತ್ತುಕೊಂಡು ನಿಧಾನವಾಗಿ. ಅವರು ಕಡ್ಡಿ ಗೀರಿದ ಸದ್ದು ಕೇಳಿತು. ಆಮೇಲೆ ನಾನು ಕಂಡದ್ದನ್ನು ಇಂದಿಗೂ ಯಾರಿಗೂ ಸರಿಯಾಗಿ ವಿವರಿಸಲು ಬಂದಿಲ್ಲ. ಕೋಣೆಯ ಬಚ್ಚಲ ಮೂಲೆಯ ಬಿರುಕಿನಿಂದ ನೀಲಿ ಬೆಂಕಿ ನೆಲದ ಮೇಲೆ ಹರಿಯಿತು, ಯಾರೋ ಬಕೆಟ್ ನೀರು ಚೆಲ್ಲಿದಂತೆ. ಸದ್ದೇ ಇಲ್ಲ. ಅದು ಗೋಡೆಗೆ ಒರಗಿಸಿದ್ದ ಸ್ಪಂಜಿನ ಸುರುಳಿಯನ್ನು ಮುಟ್ಟಿತು.

"ಇಳೀಬೇಡ. ಅಲ್ಲೇ ಇರು. ಇಳೀಬೇಡ ಅಂದೆ," ಎಂದರು ಅತ್ತಿಗೆ.

ಕಿರುಚಲಿಲ್ಲ ಅವರು. ಅನ್ನ ತಳ ಹಿಡಿಯುತ್ತಿದೆ ನೋಡು ಎನ್ನುವ ದನಿಯಲ್ಲಿ ಹೇಳಿದರು. ಸ್ಪಂಜು ಹೊತ್ತಿಕೊಂಡರೆ ಅದರ ಹೊಗೆಯೇ ಸಾಕು ಮನುಷ್ಯರನ್ನು ಮುಗಿಸಲು ಎಂಬುದು ನಮ್ಮ ಕೆಲಸದವರಿಗೆಲ್ಲ ಗೊತ್ತು. ಆ ಸುರುಳಿ ಇದ್ದದ್ದು ಮೆಟ್ಟಿಲಿನ ಬುಡದಲ್ಲಿ, ನನ್ನ ಕೆಳಗೆ. ಅವರು ಉರಿಯುತ್ತಿದ್ದ ಸುರುಳಿಯನ್ನು ಎರಡೂ ಕೈಯಲ್ಲಿ ತಬ್ಬಿ ಎತ್ತಿ, ತಲೆಯಿಂದ ಕಿಟಕಿ ಗುದ್ದಿ ತೆರೆದು ಬೀದಿಗೆ ತಳ್ಳಿದರು. ಕರಗಿದ ಸ್ಪಂಜು ಅವರ ಅಂಗೈಗೆ ಅಂಟಿಕೊಂಡಿತ್ತು. ಇಂದು ಆ ಕೈಗಳ ಬೆರಳು ಪೂರ್ತಿ ಮಡಚುವುದಿಲ್ಲ. ಕತ್ತರಿ ಹಿಡಿಯಲಾಗದು. ಬಟ್ಟೆಯ ಮೇಲೆ ಎಲ್ಲಿ ಕತ್ತರಿಸಬೇಕೆಂದು ಮೊಣಕೈಯಿಂದ ತೋರಿಸುತ್ತಾರೆ, ನಾನು ಕತ್ತರಿಸುತ್ತೇನೆ. "ಇಷ್ಟು ವರ್ಷ ನಾನು ದುಡಿದೆ, ಈಗ ಮೇಸ್ತ್ರಿ ಆಗಿದೀನಿ ನೋಡು," ಎಂದು ನಗುತ್ತಾರೆ. ನಾನೂ ನಗುತ್ತೇನೆ. ಬೇರೆ ಏನು ಮಾಡಲಿ?

ಆ ಬೆಂಕಿಯ ನಂತರವೇ ನಿಮ್ಮ ಕಚೇರಿಗೆ ನಮ್ಮ ಬೀದಿಯ ವಿಳಾಸ ಸಿಕ್ಕಿದ್ದು. ಸುಳ್ಳೇಕೆ ಹೇಳಲಿ, ಆಗ ತಾವು ಮಾಡಿಸಿದ ಕೆಲಸ ಒಳ್ಳೆಯ ಕೆಲಸ. ಹಳೇ ಟ್ಯಾಂಕುಗಳನ್ನು ಅಗೆದು ತೆಗೆಸಿದಿರಿ. ಮಣ್ಣಿಗಿಳಿದದ್ದನ್ನು ತೆಗೆಯಲು ಒಬ್ಬ ಇಂಜಿನಿಯರ್ ಹುಡುಗಿಯನ್ನು ಕಳಿಸಿದಿರಿ. ಬೀದಿಯವರೆಲ್ಲ ಆಕೆಯನ್ನು ಇಂಜಿನಿಯರಮ್ಮ ಎಂದೇ ಕರೆದೆವು. ಬಂಕಿನ ಜಾಗದಲ್ಲೂ ನಮ್ಮ ಬೀದಿಯ ಅಂಚಿನಲ್ಲೂ ಅಲ್ಲಲ್ಲಿ ನೆಲ ಕೊರೆಸಿ, ಮೈತುಂಬ ಸೀಳುಗಳಿದ್ದ ಕೊಳವೆಗಳನ್ನು ಇಳಿಸಿದರು. ಎಲ್ಲ ಕೊಳವೆಗಳನ್ನು ಜೋಡಿಸಿ ತಂದು ತಗಡಿನ ಶೆಡ್ಡಿನಲ್ಲಿದ್ದ, ಗಾಳಿ ಎಳೆಯುವ ಒಂದು ದೊಡ್ಡ ಬ್ಲೋವರ್‌ಗೆ ಸೇರಿಸಿದರು. ನಾವು ಬೇಲಿಯಾಚೆ ನಿಂತು ನೋಡುತ್ತಿದ್ದೆವು. ಮಣ್ಣನ್ನೇ ಅಗೆದು ಸಾಗಿಸಬಾರದೇ ಎಂದು ನಾನು ಕೇಳಿದೆ.

"ನಿಮ್ಮ ಮನೆ ಕೆಳಗೂ ಇದೆಯಲ್ಲ ಅಕ್ಕಾ, ಮನೇನೂ ಅಗೀಬೇಕಾಗತ್ತೆ," ಎಂದರು ಆಕೆ. "ಅದಕ್ಕೇ ಮಣ್ಣನ್ನ ಇದ್ದಲ್ಲೇ ಬಿಟ್ಟು, ಮಣ್ಣಿನ ಸಂದಿಯಲ್ಲಿರೋ ಗಾಳೀನ ಎಳೀತೀವಿ. ಪೆಟ್ರೋಲು ಬೇಗ ಆವಿ ಆಗತ್ತೆ. ಗಾಳಿ ಜೊತೆ ಆವಿ ಬರತ್ತೆ. ಆ ಜಾಗಕ್ಕೆ ಮೇಲಿಂದ ಹೊಸ ಗಾಳಿ ಇಳಿಯತ್ತೆ, ಅದು ಇನ್ನಷ್ಟನ್ನ ಹೊತ್ಕೊಂಡು ಬರತ್ತೆ."

"ಬಂದಿದ್ದನ್ನ ನಮ್ಮ ಬೀದಿಗೇ ಬಿಡ್ತೀರಾ?" ಎಂದು ಅತ್ತಿಗೆ ಕೇಳಿದರು.

ಆಕೆ ಇದ್ದಿಲು ತುಂಬಿದ ಎರಡು ಡ್ರಮ್ಮುಗಳನ್ನು ತೋರಿಸಿದರು. ಆವಿ ಅದರೊಳಗೆ ಹಾಯುವಾಗ ಇದ್ದಿಲು ಅದನ್ನು ಹಿಡಿದುಕೊಳ್ಳುತ್ತದೆ, ಹೊರಬರುವುದು ಬರೀ ಗಾಳಿ ಎಂದರು. ಅತ್ತಿಗೆ ಹೋಗಿ ಆ ಗಾಳಿ ಹೊರಬರುವ ಕೊಳವೆಯ ಕೆಳಗೆ ನಿಂತು ಮೂಸಿ ನೋಡಿ ಬಂದು, "ಸರಿ ಬಿಡು," ಎಂದು ಒಪ್ಪಿಗೆ ಕೊಟ್ಟರು.

ಯಂತ್ರ ಹಗಲೂ ರಾತ್ರಿ ಗುಂಯ್ ಎನ್ನುತ್ತಿತ್ತು. ಎದುರುಮನೆಯ ನಿವೃತ್ತ ಮೇಷ್ಟ್ರು ನಿದ್ದೆಗೆಟ್ಟು, ಸದ್ದು ಕಡಿಮೆ ಮಾಡಿಸಿ ಎಂದು ನಿಮಗೆ ದೂರಿನ ಮೇಲೆ ದೂರು ಕೊಟ್ಟರು. ಆದರೆ ವಾಸನೆ ಕಡಿಮೆಯಾಗುತ್ತ ಬಂತು. ಒಂದು ದಿನ ಇಲ್ಲವೇ ಇಲ್ಲ ಎನಿಸಿತು. ನನ್ನ ಮಗಳು ಹುಟ್ಟಿದ್ದು ಆ ಗುಂಯ್ ಸದ್ದಿನ ನಡುವೆಯೇ. ಅದನ್ನೇ ಕೇಳುತ್ತ ನಿದ್ದೆ ಮಾಡುತ್ತಿದ್ದಳು. ನಾವು ಕೆಳಕೋಣೆಗೆ ಸುಣ್ಣ ಹೊಡೆಸಿ ಮತ್ತೆ ಕೆಲಸ ಶುರು ಮಾಡಿದೆವು.

ಆಮೇಲೆ ತಾವು ಯಂತ್ರ ನಿಲ್ಲಿಸಿದಿರಿ.

ಯಾಕೆ ನಿಲ್ಲಿಸಿದಿರೆಂದು ನಿಮ್ಮ ಬೋರ್ಡು ಹೇಳುತ್ತದೆ. ಹೀರಿ ತೆಗೆದ ಗಾಳಿಯಲ್ಲಿ ಪೆಟ್ರೋಲಿನ ಅಂಶ ಗಣನೀಯವಾಗಿ ಕುಸಿದಿದೆ, ಆದ್ದರಿಂದ ಜಾಗ ಶುದ್ಧ. ಅದೇ ಜಾಗದಲ್ಲಿ, ದುಡಿಯುವ ತಾಯಂದಿರ ಮಕ್ಕಳಿಗಾಗಿ ಒಂದು ಶಿಶುವಿಹಾರ ಬರುತ್ತಿದೆ ಎಂಬುದನ್ನೂ ಅದೇ ಬೋರ್ಡು ಹೇಳುತ್ತದೆ. ಕಟ್ಟಡ ಈಗಾಗಲೇ ಎದ್ದು ನಿಂತಿದೆ, ಗೋಡೆಗೆ ಬಣ್ಣವೂ ಆಗಿದೆ. ಉದ್ಘಾಟನೆಯ ದಿನ ಗೊತ್ತುಮಾಡಿಕೊಂಡು ಆಮೇಲೆ ನೆಲವನ್ನು ಶುದ್ಧವಾಗಲು ಹೇಳಿದಿರೋ, ನೆಲ ಶುದ್ಧವಾದ ಮೇಲೆ ದಿನ ಗೊತ್ತುಮಾಡಿದಿರೋ, ಅದು ತಮಗೇ ಗೊತ್ತು. ಇಂಜಿನಿಯರಮ್ಮನನ್ನು ಬೇರೆ ಊರಿನ ಕೆಲಸಕ್ಕೆ ಕಳಿಸಿದಿರಿ. ಹೊರಡುವ ಮುನ್ನ ಆಕೆ ನಮ್ಮ ಕೋಣೆಗೆ ಬಂದು ಕತ್ತರಿಸುವ ಮೇಜಿಗೆ ಒರಗಿ ನಿಂತರು. ಮುಖದಲ್ಲಿ ಗೆಲುವಿರಲಿಲ್ಲ.

"ಒದ್ದೆ ಬಟ್ಟೆ ಒಣಗಿಸ್ತೀರಲ್ಲ ಅಕ್ಕಾ, ತೆಳು ಜಾಗ ಬೇಗ ಒಣಗತ್ತೆ, ಹೊಲಿಗೆ ಇರೋ ದಪ್ಪ ಜಾಗ ಒದ್ದೆ ಹಾಗೇ ಇರತ್ತೆ. ಇಲ್ಲಿ ಮರಳು ಮಣ್ಣೂ ಇದೆ, ಜೇಡಿಮಣ್ಣೂ ಇದೆ. ಗಾಳಿ ಮರಳಲ್ಲೇ ಓಡಾಡಿ ಅದನ್ನ ಒಣಗಿಸಿದೆ. ಜೇಡಿಮಣ್ಣು ಇನ್ನೂ ಕುಡಿದ್ಕೊಂಡು ಕೂತಿದೆ. ಯಂತ್ರ ಓಡ್ತಿರುವಾಗ ಅದು ಗೊತ್ತಾಗಲ್ಲ. ನಿಲ್ಲಿಸಿ, ಸ್ವಲ್ಪ ಕಾಲ ಬಿಟ್ಟು, ಆಮೇಲೆ ಅಳೀಬೇಕು. ಏರಿದ್ರೆ ಮತ್ತೆ ಓಡಿಸ್ಬೇಕು. ಹೀಗೇ ಎಷ್ಟೋ ಸಲ."

"ಇದನ್ನ ಸಾಹೇಬರಿಗೆ ಹೇಳಿದೀರಾ?" ಎಂದೆ.

"ಹೇಳಿದೀನಿ," ಎಂದರು.

ಈಗ ತಮಗೊಂದು ಪ್ರಶ್ನೆ, ಮಾನ್ಯರೇ. ಓಡುತ್ತಿರುವ ಫ್ಯಾನಿನ ಕೆಳಗೆ ಕೂತು, ಸೆಕೆಯೇ ಇಲ್ಲ, ಫ್ಯಾನು ತೆಗೆದುಬಿಡಿ ಎಂದು ಯಾರಾದರೂ ಹೇಳುತ್ತಾರೆಯೇ? ತಾವು ಅಳೆದದ್ದು ಯಂತ್ರ ಓಡುತ್ತಿರುವಾಗಿನ ಗಾಳಿಯನ್ನು. ನಿಲ್ಲಿಸಿದ ಮೇಲೆ ಒಂದೇ ಒಂದು ಸಲವಾದರೂ ಆ ಕೊಳವೆಗಳ ಮುಚ್ಚಳ ತೆಗೆಸಿ ಅಳೆಸಿದಿರಾ? ನಾವು ಬೇಲಿಯ ಪಕ್ಕದಲ್ಲೇ ಇರುವವರು. ಯಾರೂ ಬರಲಿಲ್ಲ.

ಯಂತ್ರ ನಿಂತಾಗ ಬೀದಿಗೆ ಬೀದಿಯೇ ಕಿವಿ ನಿಮಿರಿಸಿತು. ಮಗಳು ನಿದ್ದೆಯಿಂದೆದ್ದು ಅತ್ತಳು. ಮೇಷ್ಟ್ರು ಮಾತ್ರ ಹಾಯಾಗಿ ಮಲಗಿದರಂತೆ. ಮಳೆಗಾಲ ಕಳೆದು ಮೊದಲ ಚಳಿ ಬಿತ್ತು, ಕಿಟಕಿಗಳು ಮುಚ್ಚಿದವು. ಒಂದು ಬೆಳಿಗ್ಗೆ ನಾನು ಕೆಳಗಿಳಿಯುತ್ತಿದ್ದೆ. ಅತ್ತಿಗೆ ಮೆಟ್ಟಿಲ ಬುಡದಲ್ಲಿ ಅಲ್ಲಾಡದೆ ನಿಂತಿದ್ದರು. ಲೈಟು ಹಾಕಿರಲಿಲ್ಲ. ಕೈಗಳನ್ನು ಎದೆಗೆ ಒತ್ತಿಕೊಂಡಿದ್ದರು. "ಬಂದಿದೆ," ಎಂದರು.

ಆಗಲೇ ನಾನು ನಿಮ್ಮ ಕಚೇರಿಗೆ ಬಂದದ್ದು. ನಿಮ್ಮ ಕೋಣೆಯಲ್ಲಿ ಬಂದವರು ಕೂರುವ ಕುರ್ಚಿಯ ಸ್ಪಂಜು ಕುಸಿದು ಹಲಗೆ ಚುಚ್ಚುತ್ತದೆ, ತಮ್ಮದು ಚೆನ್ನಾಗಿದೆ. ಕೂತ ಕೂಡಲೇ ಗಮನಕ್ಕೆ ಬಂತು, ನನ್ನ ಕಸುಬು ಅದು. ನಾನು ವಾಸನೆಯ ವಿಷಯ ಹೇಳಿದೆ. ತಾವು ಪೆನ್ನಿನ ಮುಚ್ಚಳ ಹಾಕಿ ಕೇಳಿದಿರಿ:

"ನೀವೇನು ಕೆಲಸ ಮಾಡೋದಮ್ಮಾ?"

"ಸೋಫಾ ಹೊಲೀತೀವಿ ಸರ್."

"ಅಂಟು ಬಳಸ್ತೀರಾ?"

"ಬಳಸ್ತೀವಿ."

"ಅದೇ ವಾಸನೆ. ಹೋಗಿ ಬನ್ನಿ," ಎಂದು ನಕ್ಕಿರಿ. ಪಕ್ಕದಲ್ಲಿದ್ದವರೂ ನಕ್ಕರು, ಸಾಹೇಬರು ನಕ್ಕಾಗ ನಗುವುದೂ ಕಚೇರಿಯ ಕೆಲಸವೇ ಇರಬೇಕು.

ತಮ್ಮ ಮಾತನ್ನು ನಾನು ತಳ್ಳಿಹಾಕಲಿಲ್ಲ. ನಿಜವೇ ಇರಬಹುದು, ಇದ್ದರೆ ಎಷ್ಟು ಚೆನ್ನ ಎಂದುಕೊಂಡೆ. ನನ್ನ ಗಂಡ ರಜೆ ಹಾಕಿದರು. ಅಂಟಿನ ಡಬ್ಬಿ, ಬ್ರಷ್ಷು, ಅಂಟು ಮೆತ್ತಿದ ಚಿಂದಿ, ಎಲ್ಲವನ್ನೂ ಹೊತ್ತು ಅವರ ಸ್ನೇಹಿತರ ಗ್ಯಾರೇಜಿನಲ್ಲಿಟ್ಟು ಬಂದೆವು. ಕೋಣೆಯನ್ನು ಸೋಪು ಹಾಕಿ ತಿಕ್ಕಿ ತೊಳೆದೆವು. ಬಂದ ಕೆಲಸವನ್ನು ವಾಪಸು ಕಳಿಸಿ ಬಾಗಿಲು ಹಾಕಿ ಕಾದೆವು. ಮತ್ತೆ ತೆರೆದಾಗ ಮುಖಕ್ಕೆ ಹೊಡೆದ ವಾಸನೆ ಪೆಟ್ರೋಲಿನದ್ದು, ಅಂಟಿನ ಅಡ್ಡಿಯೇ ಇಲ್ಲದ್ದರಿಂದ ಇನ್ನೂ ಸ್ಪಷ್ಟ. "ಇನ್ನುಳಿದಿರೋದು ನಮ್ಮ ಮೈ ವಾಸನೆ. ಸಾಹೇಬರು ಹೇಳಿದ್ರೆ ಅದನ್ನೂ ಗ್ಯಾರೇಜಲ್ಲಿಟ್ಟು ಬರೋಣ," ಎಂದರು ಅತ್ತಿಗೆ.

ಮೇಲಿಂದ ಮೇಲೆ ಅಲೆದ ಮೇಲೆ ತಾವೊಬ್ಬ ಇನ್ಸ್‌ಪೆಕ್ಟರನ್ನು ಕಳಿಸಿದಿರಿ. ಅವರು ಬಂದದ್ದು ಒಳ್ಳೇ ಬಿಸಿಲಿನಲ್ಲಿ. ಮೊದಲು ಬಾಗಿಲು, ಕಿಟಕಿ ಎಲ್ಲ ತೆರೆಸಿದರು. ಗಾಳಿಯಾಡಿದ ಮೇಲೆ ಕೋಣೆಯ ಮಧ್ಯೆ ನಿಂತು ಮೀಟರನ್ನು ತಮ್ಮ ಮುಖದ ಮಟ್ಟಕ್ಕೆ ಹಿಡಿದರು.

"ಏನೂ ಇಲ್ಲ ನೋಡಿ," ಎಂದರು.

"ಈ ಆವಿ ಗಾಳಿಗಿಂತ ಭಾರ, ಕೆಳಗೇ ಕೂತಿರತ್ತೆ ಅಂತ ನಿಮ್ಮ ಇಂಜಿನಿಯರಮ್ಮನೇ ಹೇಳಿದ್ರು ಸರ್. ಸ್ವಲ್ಪ ಕೆಳಗೆ ಹಿಡೀರಿ."

"ನಿಯಮ ಇರೋದು ಉಸಿರಾಟದ ಎತ್ತರದಲ್ಲಿ ಅಳೀಬೇಕು ಅಂತ ಅಮ್ಮಾ. ಜನ ಉಸಿರಾಡೋದು ಎಲ್ಲಿ, ನೆಲದಲ್ಲಾ?"

ಆ ಹೊತ್ತಿಗೆ ನನ್ನ ಮಗಳು ಅತ್ತಿಗೆಯ ಹಿಡಿತ ತಪ್ಪಿಸಿಕೊಂಡು ಮೇಲಿನ ಕೋಣೆಯಲ್ಲಿ ತೆವಳುತ್ತ ಮೆಟ್ಟಿಲ ತುದಿಗೆ ಬಂದಿದ್ದಳು. ಮುಖ ನೆಲದಿಂದ ಒಂದು ಗೇಣು ಮೇಲೆ. ನಾನು ಬೆರಳು ಮಾಡಿ ತೋರಿಸಿದೆ. ಇನ್ಸ್‌ಪೆಕ್ಟರು ಅವಳನ್ನು ನೋಡಿದರು. ನಿಯಮ ಬರೆದವರ ಮನೆಯಲ್ಲಿ ಮಕ್ಕಳು ಹುಟ್ಟುತ್ತಲೇ ಎದ್ದು ನಡೆಯುತ್ತವೋ ಏನೋ. ಅವರು ಇರುಸುಮುರುಸಾಗಿ ಜೇಬಿನಿಂದ ಸಿಗರೇಟು ತೆಗೆದು ತುಟಿಗಿಟ್ಟು, ಲೈಟರಿಗೆ ಕೈ ಹಾಕಿದರು.

ನಾನು ಅವರ ಮಣಿಕಟ್ಟು ಹಿಡಿದುಕೊಂಡೆ. ಪರಗಂಡಸಿನ ಕೈ, ಅದೂ ಅಧಿಕಾರಿಯದ್ದು. ಬಿಡಲಿಲ್ಲ. ಅತ್ತಿಗೆ ಮೇಲಿನಿಂದ ತಮ್ಮ ಕೈಗಳನ್ನು ಬಿಡಿಸಿ ತೋರಿಸಿದರು. "ನಾನೂ ಒಂದೇ ಕಡ್ಡಿ ಗೀರಿದ್ದು ಸಾರ್," ಎಂದರು.

ಇನ್ಸ್‌ಪೆಕ್ಟರು ನಿಧಾನವಾಗಿ ಲೈಟರನ್ನು ಒಳಗಿಟ್ಟರು. ಕುಕ್ಕರಗಾಲಲ್ಲಿ ಕೂತು ಮೀಟರನ್ನು ಬಚ್ಚಲ ಮೂಲೆಯ ಬಿರುಕಿಗೆ ಹಿಡಿದರು. ಮೀಟರು ಕೀರಲು ದನಿಯಲ್ಲಿ ಕೂಗಿಕೊಳ್ಳತೊಡಗಿತು, ನಿಲ್ಲಲೇ ಇಲ್ಲ. ಬಾಗಿಲು, ಕಿಟಕಿ ತೆರೆದಿದ್ದರೂ ಅದು ಹಾಗೆ ಕೂಗಿತು. ಅವರು ಎದ್ದ ರಭಸಕ್ಕೆ ಮೇಜಿಗೆ ತಲೆ ತಾಗಿಸಿಕೊಂಡರು. "ಹೊರಗೆ ನಡೀರಿ. ಮಗೂನ ಎತ್ಕೊಳ್ಳಿ, ನಡೀರಿ," ಎಂದು ನಮ್ಮೆಲ್ಲರನ್ನೂ ಬೀದಿಗೆ ತಂದರು. ಬೀದಿಯಲ್ಲಿ ನಿಂತು ಬೆವರೊರೆಸಿಕೊಂಡರು. ಕಿಟಕಿ ಮುಚ್ಚಬೇಡಿ, ಅಲ್ಲಿ ಬೆಂಕಿ ಹಚ್ಚಬೇಡಿ ಎಂದು ಮತ್ತೆ ಮತ್ತೆ ಹೇಳಿ ಹೋದರು. ಆ ಮನುಷ್ಯನ ಮೇಲೆ ನನಗೆ ಸಿಟ್ಟಿಲ್ಲ. ನಮ್ಮ ಭಯವನ್ನು ಕಣ್ಣಾರೆ ಕಂಡ ನಿಮ್ಮ ಕಡೆಯವರು ಅವರೊಬ್ಬರೇ. ಆದರೆ ನಿಮ್ಮ ಕಚೇರಿಯಿಂದ ನಮಗೆ ಬಂದ ಉತ್ತರ, ಉಸಿರಾಟದ ಎತ್ತರದಲ್ಲಿ ಫಲಿತಾಂಶ ತೃಪ್ತಿಕರ ಎಂದಿದೆ. ಬಿರುಕಿನ ಮಾತೇ ಇಲ್ಲ. ಯಾರಿಗೆ ತೃಪ್ತಿಯಾಯಿತು, ಮಾನ್ಯರೇ?

ನಾನು ಇಂಜಿನಿಯರಮ್ಮನಿಗೆ ಫೋನು ಮಾಡಿದೆ. ಆಕೆ ಎಲ್ಲ ಕೇಳಿಸಿಕೊಂಡರು. ಆಮೇಲೆ, "ಮಗು ಎಲ್ಲಿ ಮಲಗತ್ತೆ?" ಎಂದು ಕೇಳಿದರು. ಮುಂದಿನ ಕೋಣೆಯಲ್ಲಿ, ನೆಲದ ಮೇಲೆ ಎಂದೆ. "ಮಲಗಿಸ್ಬೇಡಿ ಅಕ್ಕಾ. ಇವತ್ತಿಂದಾನೇ ಬೇಡ," ಎಂದರು.

ಅಂದಿನಿಂದ ನಾವು ಬದುಕುತ್ತಿರುವ ರೀತಿ ತಮಗೆ ತಿಳಿದಿರಲಿ. ಕೆಳಕೋಣೆಯ ಕರೆಂಟನ್ನು ನನ್ನ ಗಂಡ ಮೇಲಿನಿಂದಲೇ ಕಡಿದಿದ್ದಾರೆ. ಸ್ವಿಚ್ಚಿನ ಒಂದು ಕಿಡಿ ಸಾಕಂತೆ. ಅಡುಗೆ ಮಾಡುವುದು ಎದುರಿನ ಮೇಷ್ಟ್ರ ಮನೆಯ ಮಹಡಿಯಲ್ಲಿ. ಚಳಿಯಲ್ಲೂ ಕಿಟಕಿಗಳೆಲ್ಲ ತೆರೆದೇ ಇರುತ್ತವೆ, ಮಗಳ ಮೂಗು ಸೋರುವುದು ನಿಂತಿಲ್ಲ. ಮುಚ್ಚಿದರೆ ಆವಿ, ತೆರೆದರೆ ಶೀತ. ತಾಯಿಯಾದವಳು ಯಾವುದನ್ನು ಆರಿಸಬೇಕೆಂದು ನಿಮ್ಮ ನಿಯಮದಲ್ಲಿದೆಯೇ? ಬಟ್ಟೆ ಕತ್ತರಿಸುವ ಮೇಜನ್ನು ಮುಂದಿನ ಕೋಣೆಗೆ ತಂದಿದ್ದೇವೆ. ನೆಲಕ್ಕೆ ಬಿಡಲಾಗದೆಂದು ಅವಳನ್ನು ಅದರ ಮೇಲೆ, ಸುತ್ತ ದಿಂಬಿನ ಕೋಟೆ ಕಟ್ಟಿ ಆಡಿಸುತ್ತೇನೆ. ಮೊನ್ನೆ ಕೋಟೆ ದಾಟಿ ಬೀಳುವುದರಲ್ಲಿದ್ದಳು. ಅತ್ತಿಗೆ ಮಡಚದ ಬೆರಳುಗಳಿಂದಲೇ ಅಂಗಿ ಸಿಕ್ಕಿಸಿ ಹಿಡಿದರು. ಮನೆ ಬಿಡಬಾರದೇ ಎನ್ನಬಹುದು ತಾವು. ಈ ಮನೆಯನ್ನು ಈಗ ಯಾರು ಕೊಳ್ಳುತ್ತಾರೆ? ಕೊಳ್ಳುವವರು ಸಿಕ್ಕರೂ, ಅವರಿಗೂ ಒಂದು ಮಗು ಇದ್ದರೆ?

ಕಳೆದ ವಾರ ಯಂತ್ರವನ್ನು ಕೊಂಡೊಯ್ಯಲು ಲಾರಿ ಬಂತು. ಅದು ಹೋದರೆ ಮತ್ತೆ ಬರುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಎಲ್ಲರಿಗಿಂತ ಮೊದಲು ಹೊರಬಂದವರು ಯಾರು ಗೊತ್ತೇ? ಸದ್ದಿಗೆ ದೂರು ಕೊಟ್ಟಿದ್ದ ಮೇಷ್ಟ್ರು. ಕುರ್ಚಿ ತಂದು ಗೇಟಿಗೆ ಅಡ್ಡ ಹಾಕಿ ಕೂತರು. "ನಂಗೆ ಆ ಸದ್ದು ಬೇಕಪ್ಪಾ. ಅದಿಲ್ದೆ ನಿದ್ದೆ ಬರ್ತಿಲ್ಲ," ಎಂದರು ಡ್ರೈವರಿಗೆ. ಅವರ ಪಕ್ಕದಲ್ಲಿ ಅತ್ತಿಗೆ ನಿಂತರು. ಆಮೇಲೆ ಒಬ್ಬೊಬ್ಬರಾಗಿ ಬೀದಿಯೇ ಬಂದು ಕೂತಿತು. ಡ್ರೈವರು ಯಾರಿಗೋ ಫೋನು ಮಾಡಿ, ನಮ್ಮನ್ನು ನೋಡಿ, ಲಾರಿ ತಿರುಗಿಸಿದರು. "ಪೊಲೀಸರ ಜೊತೆ ಬರ್ತಾರಂತೆ, ನೋಡ್ಕೊಳ್ಳಿ," ಎಂದು ಮೆಲ್ಲಗೆ ಹೇಳಿ ಹೋದರು. ನಾವು ಧೈರ್ಯವಂತರೆಂದು ತಾವು ಭಾವಿಸಬಾರದು. ಅಲ್ಲಿ ಕೂತವರೆಲ್ಲ ಹೆದರಿದವರೇ. ಪೊಲೀಸರಿಗಿಂತ ನೆಲಕ್ಕೆ ಹೆಚ್ಚು ಹೆದರಿದ್ದೇವೆ, ಅಷ್ಟೇ ವ್ಯತ್ಯಾಸ.

ನಮ್ಮ ಬೇಡಿಕೆ ದೊಡ್ಡದಲ್ಲ. ಈಗಲೇ, ಯಂತ್ರ ನಿಂತಿರುವಾಗಲೇ, ಆ ಕೊಳವೆಗಳಲ್ಲೂ ನಮ್ಮ ಮನೆಗಳ ಬಿರುಕುಗಳಲ್ಲೂ ಶಿಶುವಿಹಾರದ ನೆಲದಲ್ಲೂ ಅಳೆಸಿ. ಕಿಟಕಿ ಮುಚ್ಚಿ, ಮಕ್ಕಳ ಮೂಗು ಇರುವಲ್ಲಿ ಅಳೆಸಿ. ಬಂದದ್ದನ್ನು ಬೀದಿಯವರ ಎದುರೇ ಓದಿ ಹೇಳಿ. ಯಂತ್ರವನ್ನು ಮತ್ತೆ ಶುರು ಮಾಡಿಸಿ, ಜೇಡಿಮಣ್ಣು ಕೂಡ ಬಿಟ್ಟುಕೊಡುವವರೆಗೆ ಓಡಿಸಿ, ನಿಲ್ಲಿಸಿ, ಕಾದು, ಮತ್ತೆ ಅಳೆಸಿ. ಅದು ಗೊತ್ತಿರುವ ಇಂಜಿನಿಯರಮ್ಮನನ್ನು ವಾಪಸು ಕರೆಸಿ. ಅಲ್ಲಿಯವರೆಗೆ ಉದ್ಘಾಟನೆಯನ್ನು ಮುಂದೂಡಿ.

ಇದೆಲ್ಲಕ್ಕೂ ಸಮಯ ಬೇಕು ಎನ್ನುವಿರಾದರೆ, ಒಂದು ಮಾತಿಗೆ ಮಾತ್ರ ಇಂದೇ ಉತ್ತರ ಕೊಡಿ. ನಿನ್ನೆ ನಮ್ಮ ಮನೆಗೆ ಸುದ್ದಿ ಬಂದಿದೆ: ಹೊಸ ಶಿಶುವಿಹಾರದಲ್ಲಿ ನನ್ನ ಮಗಳಿಗೆ ಜಾಗ ಸಿಕ್ಕಿದೆ. ಮಧ್ಯಾಹ್ನ ಊಟವಾದ ಮೇಲೆ ಮಕ್ಕಳನ್ನೆಲ್ಲ ಸಾಲಾಗಿ ನೆಲದ ಮೇಲೆ ಚಾಪೆ ಹಾಸಿ ಮಲಗಿಸುತ್ತಾರಂತೆ, ಚಳಿಯಾಗದಿರಲೆಂದು ಕಿಟಕಿಗಳನ್ನು ಮುಚ್ಚುತ್ತಾರಂತೆ. ಅವಳನ್ನು ಕಳಿಸಲೋ ಬೇಡವೋ? ಕಚೇರಿಯ ಮೊಹರು ಬೇಡ, ತಮ್ಮ ಕೈಬರಹದಲ್ಲಿ ಕಳಿಸು ಅಥವಾ ಬೇಡ ಎಂದು ಒಂದೇ ಪದ ಬರೆದು, ಕೆಳಗೆ ತಮ್ಮ ಹೆಸರು ಹಾಕಿ ಕೊಡಿ. ಕಳಿಸು ಎಂದು ಬರೆಯಲು ಪೆನ್ನು ತೆರೆದಾಗ ತಮ್ಮ ಕೈ ಒಂದು ಕ್ಷಣ ನಿಂತರೆ, ಉತ್ತರ ಅದೇ.

ಇಂತಿ,
ಊರಿನವರ ಕುರ್ಚಿಗಳನ್ನೆಲ್ಲ ಮೆತ್ತಗೆ ಮಾಡಿಕೊಟ್ಟು, ಸ್ವಂತ ಮನೆಯಲ್ಲಿ ಕೂರಲು ಹೆದರುವ
ಒಬ್ಬ ಸೋಫಾ ಹೊಲಿಯುವವಳು